ಕೇಳಿದ್ದು ಅಳಿಯಿತು, ಕೊಟ್ಟದ್ದು ಉಳಿಯಿತು



ದಾನ ಮಾಡುವವರು ಬಹಳ ಮಂದಿ ಇದ್ದಾರೆ. ತಾವು ಹೋದ ಮೇಲೂ ಆ ದಾನ ನಡೆದುಕೊಂಡು ಹೋಗುವಂತೆ ಏರ್ಪಾಡು ಮಾಡುವವರು ವಿರಳ. ಇದಕ್ಕೆ ಇಂಗ್ಲೆಂಡಿನ ಒಂದು ಸಣ್ಣ ಹಳ್ಳಿಯ ದೃಷ್ಟಾಂತವನ್ನು ಈ ಸಲ ತಮ್ಮ ಮುಂದೆ ಇಡುತ್ತೇವೆ.

ಆಕ್ಸ್‌ಫರ್ಡ್‌ಶೈರ್ ಪ್ರಾಂತದಲ್ಲಿ ಯೂಎಲ್ಮ್ ಎಂಬ ಊರಿದೆ. ಆ ಊರಿನ ಒಡತಿ ಆಲಿಸ್, ಆಂಗ್ಲ ಕವಿ ಜೆಫ್ರಿ ಚಾಸರನ ಮೊಮ್ಮಗಳು. ಆಕೆ ಮತ್ತು ಆಕೆಯ ಪತಿ ವಿಲಿಯಂ ಡಿ ಲಾ ಪೋಲ್ 1437ರಲ್ಲಿ ದೊರೆ ಆರನೆಯ ಹೆನ್ರಿಯ ಅಪ್ಪಣೆ ಪಡೆದು, 13 ಜನ ಬಡವರಿಗಾಗಿ ಅಲ್ಲಿ ಒಂದು ಧರ್ಮಶಾಲೆಯನ್ನು ಸ್ಥಾಪಿಸಿದರು. ಅದಕ್ಕೆ ‘ದೇವರ ಮನೆ’ ಎಂದು ಹೆಸರಿಟ್ಟರು. ಅದು ಬಂದುಹೋಗುವವರು ತಂಗುವ ಛತ್ರವಲ್ಲ. ಕೊನೆಯುಸಿರಿನ ತನಕ ಇರುವ ಮನೆ. ಇಟ್ಟಿಗೆಯ ಅಂಗಳದ ಸುತ್ತ ಒಬ್ಬೊಬ್ಬರಿಗೂ ಬೇರೆ ಕೋಣೆ, ಬೇರೆ ಒಲೆ. ನೋಡಿಕೊಳ್ಳಲು ಇಬ್ಬರು ಪಾದ್ರಿಗಳು. ಪಕ್ಕದಲ್ಲಿಯೇ ಮಕ್ಕಳಿಗೆ ಶಾಲೆ. ಬರಿಯ ಕಟ್ಟಡ ಕಟ್ಟಿ ಅವರು ಸುಮ್ಮನಾಗಲಿಲ್ಲ. ಮಾರ್ಷ್ ಗಿಬ್ಬನ್, ರಾಮ್‌ರಿಜ್, ಕೊನಾಕ್ ಎಂಬ ಮೂರು ಕಡೆಯ ಜಮೀನಿನ ಉತ್ಪನ್ನವನ್ನು ಅದರ ಖರ್ಚಿಗೆ ಬಿಟ್ಟರು. ಭೂಮಿ ಬೆಳೆಯುವ ತನಕ ಬಡವನ ಒಲೆ ಉರಿಯಬೇಕೆಂಬುದು ಅವರ ಲೆಕ್ಕ.

ಆದರೆ ಕೊಟ್ಟವರು ಒಂದನ್ನು ಕೇಳಿಯೂ ಇದ್ದರು. ಆ 13 ಜನ ದಿನವೂ ಹಲವು ಸಲ ಪ್ರಾರ್ಥನೆ ಮಾಡಿ, ದಾನಿಗಳ ಆತ್ಮಕ್ಕೆ ಸದ್ಗತಿ ಬೇಡಬೇಕೆಂಬುದು ಕಟ್ಟಳೆ.

ಮುಂದೆ ಏನಾಯಿತು ನೋಡಿರಿ. ರಾಜ್ಯವನ್ನೇ ನಡೆಸುತ್ತಿದ್ದ ವಿಲಿಯಂ 1450ರಲ್ಲಿ ಗಡೀಪಾರಾಗಿ, ಸಮುದ್ರದ ಮೇಲೆ ಶತ್ರುಗಳ ಕೈಗೆ ಸಿಕ್ಕು ತಲೆ ಕಳೆದುಕೊಂಡ. ಆಲಿಸ್ 1475ರಲ್ಲಿ ತೀರಿದಳು. ಆ ಊರ ಚರ್ಚಿನಲ್ಲಿರುವ ಆಕೆಯ ಸಮಾಧಿಯ ಮೇಲೆ ಕೈಜೋಡಿಸಿ ಮಲಗಿದ ಶ್ರೀಮಂತೆಯ ಮೂರ್ತಿಯಿದೆ. ಅದರ ಕೆಳಗೆ ಬತ್ತಿ ಎಲುಬಾದ ಹೆಣದ ಮೂರ್ತಿಯಿದೆ. ಸಿರಿಯ ಕೊನೆ ಏನೆಂದು ಅದೇ ಹೇಳುತ್ತದೆ. 1547ರಲ್ಲಿ, ಸತ್ತವರ ಆತ್ಮಕ್ಕಾಗಿ ಪ್ರಾರ್ಥಿಸಲೆಂದೇ ಬಿಟ್ಟ ದತ್ತಿಗಳನ್ನು ಅಲ್ಲಿಯ ಸರ್ಕಾರ ಕಾನೂನಿನಿಂದ ತೆಗೆದುಹಾಕಿತು. ಹೀಗೆ ದಾನಿಗಳು ತಮಗಾಗಿ ಕೇಳಿಕೊಂಡ ಪ್ರಾರ್ಥನೆ ನಿಂತುಹೋಯಿತು. ಪರರಿಗಾಗಿ ಕಟ್ಟಿದ ಮನೆ ನಿಂತಿದೆ. ಇಂದಿಗೂ ಅಲ್ಲಿ ಜನ ವಾಸವಾಗಿದ್ದಾರೆ, ಆ ಶಾಲೆಯಲ್ಲಿ ಮಕ್ಕಳು ಓದುತ್ತಿದ್ದಾರೆ.

ದಾಸೋಹದ ಮರ್ಮವೂ ಇದೇ. ಪ್ರತಿಫಲ ಬಯಸಿ ಕೊಟ್ಟದ್ದು ವ್ಯಾಪಾರ. ವ್ಯಾಪಾರಕ್ಕೆ ಲಾಭನಷ್ಟ ಉಂಟು, ದಾಸೋಹಕ್ಕೆ ಇಲ್ಲ.

ಹೊಲದಲ್ಲಿ ದುಡಿದ ಆಳು, ಅಂಗಡಿಯಲ್ಲಿ ಮೂಟೆ ಹೊತ್ತ ಹಮಾಲ ಮುದುಕನಾದಾಗ ಅವನ ಒಲೆ ಹೇಗೆ ಉರಿಯುತ್ತದೆಂದು ತಮ್ಮಲ್ಲಿ ಎಷ್ಟು ಜನ ವಿಚಾರಿಸಿದ್ದೀರಿ? ಕಲ್ಲಿನ ಮೇಲೆ ಹೆಸರು ಕೆತ್ತಿಸುವ ಮೊದಲು ಅದನ್ನು ವಿಚಾರಿಸಿರಿ. ಒಂದು ದಿನದ ಊಟ ಹಾಕಿದರೆ ಸಾಲದು. ಒಂದು ಎಕರೆಯ ಬೆಳೆಯನ್ನೋ, ಒಂದು ಮಳಿಗೆಯ ಬಾಡಿಗೆಯನ್ನೋ ಅಂಥವರಿಗೆಂದು ಕಾಯಂ ಆಗಿ ತೆಗೆದಿಡಿರಿ. ತೆಗೆದಿಟ್ಟು, ಮರೆತುಬಿಡಿರಿ.

ಆ ಮನಸ್ಸು ತಮ್ಮೆಲ್ಲರಿಗೂ ಬರಲೆಂದು ಹಾರೈಸುತ್ತೇವೆ.