ತವರ, ಸೀಸ ಮತ್ತು ಉಸಿರು

ಜರ್ಮನಿಯ ಹ್ಯಾಂಬರ್ಗ್ ನಗರದ ಸಂತ ಯಾಕೋಬಿ ಚರ್ಚಿನಲ್ಲಿರುವ ಆರ್ಗನ್ ಎಂಬ ಕೊಳವೆ ವಾದ್ಯಕ್ಕೆ ಮುನ್ನೂರು ವರ್ಷ ದಾಟಿದೆ. ಆರ್ಪ್ ಶ್ನಿಟ್ಗರ್ ಅದನ್ನು ಕಟ್ಟಿ ಮುಗಿಸಿದ್ದು 1693ರಲ್ಲಿ. ಕೈಗಳಿಗೆ ನಾಲ್ಕು ಕೀಲಿಮಣೆ, ಪಾದಗಳಿಗೆ ಇನ್ನೊಂದು, ಬೇರೆ ಬೇರೆ ನಾದದ ಕೊಳವೆಸಾಲುಗಳನ್ನು ಆರಿಸುವ 60 ಸ್ಟಾಪ್‌ಗಳು, ಸುಮಾರು 4,000 ಕೊಳವೆಗಳು. 1720ರಲ್ಲಿ ಇಲ್ಲಿನ ವಾದಕನ ಹುದ್ದೆ ತೆರವಾದಾಗ ಸಂಗೀತ ರಚನಕಾರ ಯೊಹಾನ್ ಸೆಬಾಸ್ಟಿಯನ್ ಬಾಖ್ ಅದಕ್ಕೆ ಆಸೆಪಟ್ಟಿದ್ದರು. ಕೆಲಸ ಸಿಕ್ಕಿದ್ದು ಚರ್ಚಿಗೆ ದೊಡ್ಡ ಮೊತ್ತ ಕೊಟ್ಟ ಬೇರೊಬ್ಬರಿಗೆ. ಆ ಕಾಲದ ಜನರೆಲ್ಲ ಹೋದರು; ಅಂದಿನ ಕೊಳವೆಗಳಲ್ಲಿ ಅನೇಕವು ಇಂದಿಗೂ ಹಾಡುತ್ತಿವೆ. ಇಷ್ಟು ದೀರ್ಘ ಆಯುಷ್ಯ ಅವಕ್ಕೆ ಎಲ್ಲಿಂದ ಬಂತು ಎಂಬ ಪ್ರಶ್ನೆ ನನ್ನನ್ನು ಬಿಡುವುದಿಲ್ಲ.

ಏಕೆಂದರೆ ಆ ಕೊಳವೆಗಳು ಗಟ್ಟಿ ವಸ್ತುವಿನವಲ್ಲ. ಕರಗಿಸಿದ ತವರ ಮತ್ತು ಸೀಸವನ್ನು ಹಾಳೆಯಾಗಿ ಎರೆದು, ತೆಳುವಾಗಿ ಕೆರೆದು, ಸುತ್ತಿ ಬೆಸೆದವು. ಬೆರಳಿನಿಂದ ಒತ್ತಿದರೆ ತಗ್ಗು ಬೀಳುವಷ್ಟು ಮೆದು. ತಿದಿಯಿಂದ ಹೊರಟ ಗಾಳಿ ಕೊಳವೆಗಳ ಕೆಳಗಿನ ಪೆಟ್ಟಿಗೆಯಲ್ಲಿ ತುಂಬಿ ಕಾದಿರುತ್ತದೆ. ಕೀಲಿ ಒತ್ತಿದರೆ ಸಣ್ಣದೊಂದು ಕವಾಟ ತೆರೆಯುತ್ತದೆ. ಗಾಳಿ ಕೊಳವೆಯ ಪಾದದಿಂದ ನುಗ್ಗಿ, ಸೀಳಿನಂತಹ ಬಾಯಿಯಲ್ಲಿ ತೆಳ್ಳನೆಯ ಪದರವಾಗಿ ಹೊಮ್ಮಿ, ಮೇಲಿನ ತುಟಿಗೆ ಬಡಿಯುತ್ತದೆ. ಕೊಳಲಿನಲ್ಲಿ ಆಗುವಂತೆಯೇ ಒಳಗಿನ ಗಾಳಿ ಕಂಪಿಸಿ ಸ್ವರವಾಗುತ್ತದೆ. ದೊಡ್ಡ ಆರ್ಗನ್ನಿನ ಪುಟ್ಟ ಕೊಳವೆ ಪೆನ್ಸಿಲ್‌ಗಿಂತ ಚಿಕ್ಕದು. ಅತಿ ಉದ್ದದ್ದು ಸಾಮಾನ್ಯವಾಗಿ 32 ಅಡಿ. ಅದರ ಸ್ವರ ಸೆಕೆಂಡಿಗೆ ಸುಮಾರು 16 ಕಂಪನ. ಅಷ್ಟು ತಗ್ಗಿನ ನಾದ ಕಿವಿಗಿಂತ ಮೊದಲು ಎದೆಗೆ, ಕೂತ ಬೆಂಚಿಗೆ ತಾಗುತ್ತದೆ.

ನಮ್ಮ ನಾಟಕ ಕಂಪನಿಗಳ ಪೇಟಿ, ಅಂದರೆ ಹಾರ್ಮೋನಿಯಂ, ಈ ವಾದ್ಯದ ದೂರದ ನೆಂಟ. ದೊಡ್ಡ ಆರ್ಗನ್ ಕೊಳ್ಳಲಾಗದ ಯುರೋಪಿನ ಚಿಕ್ಕ ಚರ್ಚುಗಳೂ ಮನೆಗಳೂ ಹಾರ್ಮೋನಿಯಂ ಇಟ್ಟುಕೊಂಡವು. ಪ್ಯಾರಿಸ್ಸಿನ ಡೆಬೆನ್ ಅದಕ್ಕೆ ಪೇಟೆಂಟ್ ಪಡೆದದ್ದು 1842ರಲ್ಲಿ. ಆದರೆ ಪೇಟಿಯನ್ನು ಬಗಲಿಗೆ ಹಾಕಿಕೊಂಡು ಊರೂರು ಸುತ್ತಬಹುದು. ಆರ್ಗನ್ ಹಾಗಲ್ಲ. ಅದನ್ನು ಒಂದು ಕಟ್ಟಡಕ್ಕೆಂದೇ ಕಟ್ಟುತ್ತಾರೆ. ಕೊಳವೆಗಳನ್ನು ನಿಲ್ಲಿಸಿದ ಮೇಲೆ ಕುಶಲಕರ್ಮಿಗಳು ಒಂದೊಂದರ ಬಾಯನ್ನೂ ಕೂದಲೆಳೆಯಷ್ಟು ತಿದ್ದುತ್ತಾ, ಆ ಕಮಾನುಗಳಿಗೆ, ಆ ಮಾರ್ದನಿಗೆ ಹೊಂದುವ ಸ್ವರ ಬರಿಸುತ್ತಾರೆ. ಹೀಗಾಗಿ ಒಂದರಂತೆ ಇನ್ನೊಂದು ಆರ್ಗನ್ ಇಲ್ಲ. ಸುಟ್ಟುಹೋದರೆ ಅದರ ಜೋಡಿ ಎಲ್ಲಿಯೂ ಸಿಗುವುದಿಲ್ಲ.

ಸುಟ್ಟುಹೋದವು ಕಡಿಮೆಯೇನಲ್ಲ. ಲ್ಯೂಬೆಕ್‌ನ ಮರಿಯೆನ್ ಚರ್ಚಿನಲ್ಲಿ ವಾದಕ ಬುಕ್ಸ್‌ಟೆಹ್ಯೂಡ ನುಡಿಸುವುದನ್ನು ಕೇಳಲು 1705ರಲ್ಲಿ ಬಾಖ್ ಆರ್ನ್‌ಸ್ಟಾಟ್‌ನಿಂದ ಸುಮಾರು 400 ಕಿಲೋಮೀಟರ್ ನಡೆದು ಹೋಗಿದ್ದರು. ಆ ಚರ್ಚಿನ ಆರ್ಗನ್‌ಗಳು 1942ರ ಮಾರ್ಚಿನ ಬಾಂಬ್ ದಾಳಿಯಲ್ಲಿ ಬೂದಿಯಾದವು. ಫ್ರಾನ್ಸಿನ ನಾಂಟ್ ಕೆಥೆಡ್ರಲ್‌ನ ಆರ್ಗನ್ ಹುಟ್ಟಿದ್ದು 1621ರಲ್ಲಿ. ಫ್ರೆಂಚ್ ಕ್ರಾಂತಿಯ ದಿನಗಳಲ್ಲಿ, ಕ್ರಾಂತಿಯ ಸಮಾರಂಭಗಳಿಗೂ ಇದು ಬೇಕಾಗುತ್ತದೆ ಎಂದು ಅಲ್ಲಿನ ವಾದಕ ಅಧಿಕಾರಸ್ಥರ ಮನವೊಲಿಸಿ ಅದನ್ನು ಉಳಿಸಿದ. ಎರಡನೇ ಮಹಾಯುದ್ಧದಲ್ಲಿ ಅದು ಉಳಿಯಿತು. 1972ರಲ್ಲಿ ಚಾವಣಿಗೇ ಬೆಂಕಿ ಬಿದ್ದಾಗಲೂ ಉಳಿಯಿತು. 2020ರ ಜುಲೈ 18ರ ಬೆಳಿಗ್ಗೆ ಒಬ್ಬ ಮನುಷ್ಯ ಹಚ್ಚಿದ ಬೆಂಕಿಯಲ್ಲಿ ಹೋಯಿತು.

ಸದ್ದಿಲ್ಲದ ಸಾವುಗಳೂ ಇವೆ. ಚಳಿಗಾಲದಲ್ಲಿ ಚರ್ಚನ್ನು ಬೆಚ್ಚಗಿಡುವ ಹೀಟರುಗಳಿಂದ ಮರ ಒಣಗಿ ಬಿರಿಯುತ್ತದೆ, ಗಾಳಿ ಸೋರುತ್ತದೆ. ಆರ್ಗನ್ನಿನದೇ ಓಕ್ ಮರ ಬಿಡುವ ಅಸಿಟಿಕ್ ಆಮ್ಲ ಸೀಸದ ಕೊಳವೆಯನ್ನು ಒಳಗಿಂದ ತಿನ್ನುತ್ತದೆ. ಪ್ರಾರ್ಥನೆಗೆ ಬರುವವರು ಕಡಿಮೆಯಾಗಿ ಚರ್ಚು ಮುಚ್ಚಿದರೆ, ಅಷ್ಟು ದೊಡ್ಡ ವಾದ್ಯವನ್ನು ಕೊಂಡೊಯ್ಯುವವರು ಸುಲಭಕ್ಕೆ ಸಿಗುವುದಿಲ್ಲ.

ಇದನ್ನೆಲ್ಲ ತಿಳಿದ ಮೇಲೆ ಯಾಕೋಬಿ ಚರ್ಚಿನ ಆರ್ಗನ್ ಕಂಡು ಹೆಚ್ಚುವ ಬೆರಗು ಲೋಹದ ಬಗ್ಗೆ ಅಲ್ಲ, ಜನರ ಬಗ್ಗೆ. 1917ರಲ್ಲಿ ಯುದ್ಧಕ್ಕೆ ತವರ ಬೇಕೆಂದು ಅದರ ಮುಂಭಾಗದ ಕೊಳವೆಗಳನ್ನು ಕಿತ್ತೊಯ್ದರು. 1942ರಲ್ಲಿ, ಮತ್ತೊಂದು ಯುದ್ಧದ ನಡುವೆ, ಅಲ್ಲಿನವರು ಉಳಿದ ಕೊಳವೆಗಳನ್ನೂ ಗಾಳಿಪೆಟ್ಟಿಗೆಗಳನ್ನೂ ಬಿಚ್ಚಿ ಭದ್ರ ಜಾಗಕ್ಕೆ ಸಾಗಿಸಿದರು. 1944ರಲ್ಲಿ ಚರ್ಚಿನ ಮೇಲೆ ಬಾಂಬು ಬಿತ್ತು, ಆರ್ಗನ್ನಿನ ಮರದ ಮನೆ ನಾಶವಾಯಿತು, ಕೊಳವೆಗಳು ಉಳಿದವು. ಆರ್ಗನ್ ಕಟ್ಟುವ ಯುರ್ಗನ್ ಆರೆಂಡ್ ಅದನ್ನು ಮತ್ತೆ ಮೊದಲಿನ ರೂಪಕ್ಕೆ ತಂದದ್ದು 1993ರಲ್ಲಿ, ಸರಿಯಾಗಿ ಮುನ್ನೂರನೇ ವರ್ಷಕ್ಕೆ. ತಲೆಯ ಮೇಲೆ ವಿಮಾನಗಳು ಹಾರುತ್ತಿದ್ದಾಗ, ನಾಳೆ ತಾವೇ ಇರುತ್ತೇವೋ ಇಲ್ಲವೋ ಎಂಬ ಹೊತ್ತಿನಲ್ಲಿ, ಇನ್ನೂ ಹುಟ್ಟದವರ ಕಿವಿಗಾಗಿ ಕೊಳವೆ ಬಿಚ್ಚಿಟ್ಟವರು 1942ರ ಆ ಜನ.

ಪ್ಯಾರಿಸ್ಸಿನ ನೋತ್ರ್ ದಾಮ್ ಕೆಥೆಡ್ರಲ್‌ನಲ್ಲಿಯೂ ಅಂಥವರೇ ಕೈಹಚ್ಚಿದರು. 2019ರಲ್ಲಿ ಆ ಕಟ್ಟಡಕ್ಕೆ ಬಿದ್ದ ಬೆಂಕಿ ಅದರ ಮಹಾ ಆರ್ಗನ್ನನ್ನು ಮುಟ್ಟಲಿಲ್ಲ. ಆದರೆ ಉರಿದ ಚಾವಣಿಯ ಸೀಸದ ಧೂಳು ಅದರ ಮೈತುಂಬ ಕುಳಿತಿತ್ತು. ಸುಮಾರು 8,000 ಕೊಳವೆಗಳನ್ನು ಇಳಿಸಿ, ತೊಳೆದು, ಮತ್ತೆ ನಿಲ್ಲಿಸಿದರು. ಹಗಲು ಕಟ್ಟಡ ಕೆಲಸದ ಸದ್ದು. ಆದ್ದರಿಂದ ರಾತ್ರಿಯ ಮೌನದಲ್ಲಿ ಕೂತು ತಿಂಗಳುಗಟ್ಟಲೆ ಸ್ವರ ಕೂಡಿಸಿದರು. 2024ರ ಡಿಸೆಂಬರ್ 7ರಂದು ಅದು ಮತ್ತೆ ಮೊಳಗಿತು.

ಆರ್ಗನ್ ತಾನಾಗಿ ಉಳಿಯುವ ವಸ್ತುವಲ್ಲ. ಪ್ರತಿ ತಲೆಮಾರಿನಲ್ಲೂ ಯಾರಾದರೂ ಅದನ್ನು ತಮ್ಮದೆಂದು ಎತ್ತಿಕೊಳ್ಳಬೇಕು, ಪ್ರತಿ ತಲೆಮಾರಿನಲ್ಲೂ ಕೇಳುವವರು ಬೇಕು. ಯುರೋಪಿನ ಊರುಗಳಲ್ಲಿ ನೆಲೆಸಿರುವ, ಅಲ್ಲಿಗೆ ಪ್ರವಾಸಕ್ಕೆ ಹೋಗುವ ಕನ್ನಡಿಗರು ಈಗ ಬಹಳ ಮಂದಿ. ಹಳೆಯ ಚರ್ಚೊಂದರ ಬಾಗಿಲಲ್ಲಿ ಆರ್ಗನ್ ಕಛೇರಿಯ ಸೂಚನೆ ಕಂಡರೆ, ಫೋಟೊ ತೆಗೆದು ಮುಂದೆ ಹೋಗಬೇಡಿ. ಒಳಗೆ ಹೋಗಿ, ಒಂದು ಗಂಟೆ ಕೂತು ಕೇಳಿ.