ಮಲ್ಲಮ್ಮನ ದನಿ, ವೇಮನನ ಸೀಮೆ

ಹಾಡಿನಿಂದಲೇ ನಾಡಿಗೆಲ್ಲ ಹೆಸರಾದ ನಟಿಯೊಬ್ಬರು ಮೊಟ್ಟಮೊದಲು ತೆರೆಯ ಮೇಲೆ ಕಾಣಿಸಿಕೊಂಡಾಗ ಅವರಿಗೆ ದನಿಯೇ ಇರಲಿಲ್ಲ. ಮುಖವಿತ್ತು, ಕಣ್ಣಿತ್ತು, ತುಟಿ ಅಲುಗುತ್ತಿತ್ತು. ಸದ್ದು ಮಾತ್ರ ಇಲ್ಲ. ಅವರು ಗುಬ್ಬಿ ನಾಟಕ ಕಂಪನಿಯ ಬಿ. ಜಯಮ್ಮ. ವರ್ಷ 1931. ಚಿತ್ರ 'ಹಿಸ್ ಲವ್ ಅಫೇರ್', ಮೂಕಿ. ನಿರ್ದೇಶಿಸಿದವರು ಬೆಲ್ಜಿಯಂನ ರಾಫೆಲ್ ಆಲ್ಗೊಯೆಟ್, ಜೊತೆಗೆ ನಟಿಸಿದವರು ಕಂಪನಿಯ ಒಡೆಯ, ಜಯಮ್ಮನವರ ಪತಿ ಗುಬ್ಬಿ ವೀರಣ್ಣನವರು. ಅದೇ ವರ್ಷ ಮುಂಬಯಿಯಲ್ಲಿ 'ಆಲಂ ಆರಾ' ಮಾತಾಡಿತು, ಹಾಡಿತು. ಕನ್ನಡದ ತೆರೆ ಬಾಯಿ ಬಿಡಲು 1934ರ 'ಸತಿ ಸುಲೋಚನಾ'ವರೆಗೆ ಕಾಯಬೇಕಾಯಿತು.

ಈ ಸಂಗತಿ ನೆನೆದಾಗಲೆಲ್ಲ ನನ್ನ ಮನಸ್ಸು ಅಲ್ಲೇ ನಿಂತುಬಿಡುತ್ತದೆ. ಹಾಡುವ ನಟಿಯಿಂದ ಹಾಡನ್ನು ಕಳೆದರೆ ಏನು ಉಳಿಯುತ್ತದೆ? ನಟನೆ ಉಳಿಯುತ್ತದೆ ಎಂದು ಥಟ್ಟನೆ ಹೇಳಿಬಿಡಬಹುದು. ಆದರೆ ಕಂಪನಿ ನಾಟಕ ಕಂಡವರಿಗೆ ಗೊತ್ತು, ಅಲ್ಲಿ ಇವೆರಡು ಬೇರೆ ಬೇರೆಯಾಗಿ ಇರುವುದೇ ಇಲ್ಲ. ಮಾತು ತಡೆಯಲಾರದ ಕಡೆ ಪದ್ಯ ಎದ್ದು ಬರುತ್ತದೆ. ಆ ಪದ್ಯ ಮುಗಿದಾಗ ಪಾತ್ರ ಇನ್ನೊಂದು ಮೆಟ್ಟಿಲ ಮೇಲೆ ನಿಂತಿರುತ್ತದೆ. ನಡುವೆ ಏನಾಯಿತು ಎಂದು ಬೆರಳಿಟ್ಟು ತೋರಿಸಲು ನನಗೆ ಇವತ್ತಿಗೂ ಆಗಿಲ್ಲ. ತೋರಿಸಲಾಗದ ಆ ಜಾಗದ ಬಗ್ಗೆಯೇ ಇಲ್ಲಿ ಬರೆಯಬೇಕೆನ್ನಿಸಿದೆ.

ಜಯಮ್ಮನವರ ಮುಂದಿನ ಚಿತ್ರಗಳಲ್ಲಿ ದನಿ ಬಂತು. 1941ರಲ್ಲಿ 'ಸುಭದ್ರಾ', ಮರುವರ್ಷ 'ಜೀವನ ನಾಟಕ'. ಹಾಡಬಲ್ಲವರೇ ನಟಿಸಬೇಕಾಗಿದ್ದ ಕಾಲ ಅದು. ಕಂಪನಿಯ ನಟಿಯರಿಗೆ ಚಿತ್ರರಂಗ ಬಾಗಿಲು ತೆರೆದದ್ದೂ ಅದಕ್ಕೇ. ಗುಬ್ಬಿಯವರ 'ಸದಾರಮೆ'ಯಲ್ಲಿ ಹಾಡಿ ನಟಿಸಿದ ಕೆ. ಅಶ್ವತ್ಥಮ್ಮ 1937ರ ತಮಿಳು 'ಚಿಂತಾಮಣಿ'ಯಲ್ಲಿ ತ್ಯಾಗರಾಜ ಭಾಗವತರಂಥ ಗಾಯಕನಿಗೆ ಸರಿಸಮನಾಗಿ ನಿಂತರು. ಜಯಮ್ಮನವರು ತೆಲುಗಿಗೆ ಹೋದರು. 1945ರಲ್ಲಿ ಬಿ. ಎನ್. ರೆಡ್ಡಿಯವರ 'ಸ್ವರ್ಗಸೀಮ'.

ಆ ಚಿತ್ರದ ಕತೆಯೇ ರಂಗಭೂಮಿಯದು. ಸಂಸಾರಸ್ಥನಾದ ಪತ್ರಕರ್ತನೊಬ್ಬ ಬೀದಿಯಲ್ಲಿ ಹಾಡಿ ಕುಣಿಯುವ ಹುಡುಗಿಯನ್ನು ನೋಡುತ್ತಾನೆ, ಅವಳನ್ನು ದೊಡ್ಡ ನಟಿಯಾಗಿ ಬೆಳೆಸುತ್ತಾನೆ, ಅವಳ ಬೆನ್ನು ಹತ್ತಿ ಮನೆ ಮರೆಯುತ್ತಾನೆ. ಗಂಡನಾಗಿ ಚಿತ್ತೂರು ನಾಗಯ್ಯ, ನಟಿಯಾಗಿ ಭಾನುಮತಿ. ಬದುಕನ್ನೆಲ್ಲ ರಂಗದ ಮೇಲೆ ಕಳೆದ ಜಯಮ್ಮನವರಿಗೆ ಸಿಕ್ಕಿದ್ದು ಯಾವ ಪಾತ್ರ? ರಂಗವನ್ನೇ ಹತ್ತದ, ಮನೆಯಲ್ಲಿ ಮಕ್ಕಳೊಂದಿಗೆ ಉಳಿದುಹೋದ ಹೆಂಡತಿ ಕಲ್ಯಾಣಿಯ ಪಾತ್ರ. ಭಾನುಮತಿಯವರ ಪಾರಿವಾಳದ ಹಾಡು ಆ ಚಿತ್ರದಿಂದ ಹಾರಿ ಆಂಧ್ರವನ್ನೆಲ್ಲ ಸುತ್ತಿತು. ಅದರ ಬೆಡಗಿಗೆ ಸೋಲದವರಿಲ್ಲ. ನನಗೆ ಮಾತ್ರ ಕಲ್ಯಾಣಿಯೇ ಹೆಚ್ಚು ಕಾಡುತ್ತಾಳೆ. ಪರದೆ ಏಳುವ ಹೊತ್ತಿಗೆ ಎದೆ ಹೇಗೆ ಹೊಡೆದುಕೊಳ್ಳುತ್ತದೆಂದು ಚಿಕ್ಕಂದಿನಿಂದ ಬಲ್ಲ ಹೆಂಗಸು, ಪರದೆಯನ್ನೇ ಕಾಣದ ಹೆಂಗಸಾಗಿ ಬದಲಾಗಬೇಕು. ಕಲಿತದ್ದನ್ನು ತೋರಿಸುವುದು ದೊಡ್ಡದೇ. ಕಲಿತದ್ದನ್ನು ಅಡಗಿಸಿಟ್ಟು ಕಲಿಯದವಳಂತೆ ಇರುವುದು ಅದಕ್ಕಿಂತ ದೊಡ್ಡದು ಎಂದು ನಾನು ನಂಬಿದ್ದೇನೆ.

ಈ ಕನ್ನಡದ ನಟಿಯ ತೆಲುಗನ್ನು ಕೇಳುವಾಗ ನನಗೆ ಕನ್ನಡ ತೆಲುಗು ಗಡಿಯ ರಾಯದುರ್ಗ, ಮಡಕಶಿರ ನೆನಪಾಗುತ್ತವೆ. 'ಸ್ವರ್ಗಸೀಮ' ಬಂದಾಗ ರಾಯದುರ್ಗ ಬಳ್ಳಾರಿ ಜಿಲ್ಲೆಯ ತಾಲ್ಲೂಕು. 1953ರಲ್ಲಿ ಆಂಧ್ರ ರಾಜ್ಯವಾದಾಗ ಆದವಾನಿ, ಆಲೂರುಗಳಂತೆ ಅದೂ ಬಳ್ಳಾರಿಯಿಂದ ಬೇರೆಯಾಯಿತು; ಅದು ಸೇರಿದ್ದು ಅನಂತಪುರಕ್ಕೆ. ಮಡಕಶಿರದ ಮೂರು ಕಡೆಗೆ ತುಮಕೂರು ಜಿಲ್ಲೆಯ ಪಾವಗಡ, ಶಿರಾ, ಮಧುಗಿರಿ ಸೀಮೆ. ಗುಬ್ಬಿಯೂ ಅದೇ ಜಿಲ್ಲೆಯದು. ನೊಳಂಬರು ಆಳಿದ ಹೆಂಜೇರು, ಈಗಿನ ಹೇಮಾವತಿ, ಮಡಕಶಿರದ ಮಗ್ಗುಲಲ್ಲೇ ಇದೆ. ಅಮರಾಪುರ, ರೊಳ್ಳ, ಗುಡಿಬಂಡೆಯ ಕಡೆ ಕನ್ನಡ ಶಾಲೆಗಳಿವೆ. 2022ರಿಂದ ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಜಿಲ್ಲೆಯ ಹೆಸರು ಬದಲಾಗುತ್ತದೆ. ಮನೆಯೊಳಗೆ ಒಂದು ಮಾತು, ಅಂಗಡಿಯಲ್ಲಿ ಇನ್ನೊಂದು ಎಂಬ ರೂಢಿ ಹಾಗೇ ಇರುತ್ತದೆ.

ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಬೇಕೆಂದು ಹಟ ಹಿಡಿದವರಲ್ಲಿ ಮುಖ್ಯರಾದ ಬಳ್ಳಾರಿ ರಾಘವರೂ ಈ ನೆಲದವರೇ. 1880ರಲ್ಲಿ ಅನಂತಪುರ ಸೀಮೆಯ ತಾಡಪತ್ರಿಯಲ್ಲಿ ಹುಟ್ಟಿ, ಬಳ್ಳಾರಿಯಲ್ಲಿ ವಕೀಲಿ ಮಾಡಿ, ತೆಲುಗು ಕನ್ನಡ ಎರಡರಲ್ಲೂ ಬಣ್ಣ ಹಚ್ಚಿದವರು. ಓದಿದ ಮನೆತನದ ಹೆಣ್ಣುಮಕ್ಕಳು ರಂಗಕ್ಕೆ ಬರಬೇಕೆಂದು ಅವರು ಬಾಯಿಮಾತಿಗೆ ಹೇಳಲಿಲ್ಲ, ಕರೆತಂದು ತಮ್ಮ ಎದುರಿಗೇ ನಿಲ್ಲಿಸಿಕೊಂಡರು. ಅದೇ ಬಳ್ಳಾರಿಯಿಂದ ಸುಭದ್ರಮ್ಮ ಮನ್ಸೂರರಂಥ ದನಿ ಎದ್ದಿತು. ರಂಗಗೀತೆ ಎಂದರೆ ಸುಭದ್ರಮ್ಮ ಎನ್ನುವಷ್ಟು ಹಾಡಿ, 2020ರಲ್ಲಿ ಅವರು ಹೋದರು.

ಈ ಸೀಮೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ನಿಂತಿಲ್ಲ. ಕಡಲೆಕಾಯಿ ಒಕ್ಕಣೆ ಮುಗಿದು ಜಾತ್ರೆಯ ದಿನಗಳು ಬಂದರೆ 'ಕುರುಕ್ಷೇತ್ರ' ಕಟ್ಟುತ್ತಾರೆ. ಗಂಡು ಪಾತ್ರಗಳು ಊರಿನವರವು; ದುಡ್ಡು ಕೊಟ್ಟು ಪಾತ್ರ ಹಿಡಿದು, ಹಾರ್ಮೋನಿಯಂ ಮೇಷ್ಟ್ರ ಹತ್ತಿರ ತಿಂಗಳುಗಟ್ಟಲೆ ಕಲಿಯುತ್ತಾರೆ. ದ್ರೌಪದಿ, ಕುಂತಿ, ಉತ್ತರೆ, ರುಕ್ಮಿಣಿಗೆ ಮಾತ್ರ ಪಟ್ಟಣದಿಂದ ಕಲಾವಿದೆಯರು ಬರಬೇಕು. ಸಂಜೆಯ ಬಸ್ಸಿಗೆ ಇಳಿಯುತ್ತಾರೆ. ಸೀರೆ, ಸವುರಿ, ಒಡವೆಯ ಪೆಟ್ಟಿಗೆ ಅವರದೇ. ಜೊತೆಗೆ ಆಡುವವರ ಮುಖವನ್ನೂ ಅಲ್ಲಿಯವರೆಗೆ ನೋಡಿರುವುದಿಲ್ಲ. ಬಣ್ಣದ ಮನೆ ಎಂದರೆ ಶಾಲೆಯ ಕೋಣೆ, ಇಲ್ಲವೇ ರಂಗದ ಹಿಂದೆ ಕಟ್ಟಿದ ತಟ್ಟಿ. ಅಲ್ಲಿ ನಡೆಯುವ ಮಾತುಕತೆ ಇಷ್ಟೇ.

"ಯಾವ ಶ್ರುತಿ ಅಮ್ಮಾ ನಿಂದು?"

"ಬಿಳಿ ಐದು ಮೇಷ್ಟ್ರೇ. ಭೀಮನ ಪಾರ್ಟು ಯಾರು, ಅಣ್ಣನೋರದು ಎಷ್ಟು?"

"ಕರಿ ಒಂದು. ಸಂಧಿಯಲ್ಲಿ ನಾನು ನೋಡ್ಕೋತೀನಿ ಬಿಡು."

ಈ ಮೂರು ಮಾತಿನಲ್ಲಿ ರಾತ್ರಿಯ ಕೆಲಸವೆಲ್ಲ ಅಡಗಿದೆ. ಭೀಮನ ಪದ್ಯ ಮುಗಿದು ದ್ರೌಪದಿಯದು ಶುರುವಾಗುವ ನಡುವಿನ ಒಂದು ಉಸಿರಿನಷ್ಟು ಹೊತ್ತಿನಲ್ಲಿ ಮೇಷ್ಟ್ರು ಶ್ರುತಿ ಬದಲಿಸಬೇಕು, ಅವಳು ಅದನ್ನು ಹಿಡಿಯಬೇಕು, ಕೂತವರಿಗೆ ಅದು ಗೊತ್ತಾಗಬಾರದು. ತಬಲಾದವನು ತನ್ನ ಬಲಗೈಯ ಪಕ್ಕ ಎರಡು ಶ್ರುತಿಯ ತಬಲಾ ಇಟ್ಟುಕೊಂಡಿರುತ್ತಾನೆ. ಗಡಿಯ ಊರುಗಳಲ್ಲಿ ಇದರ ಮೇಲೆ ಇನ್ನೊಂದು ತಿರುವು: ಮಾತು ಕನ್ನಡದಲ್ಲಿ ನಡೆಯುತ್ತಿದ್ದಂತೆ ನಡುವೆ ಒಂದು ತೆಲುಗು ಪದ್ಯ ಬರುತ್ತದೆ. ಯಾರೂ ತಲೆ ತಿರುಗಿಸುವುದಿಲ್ಲ. ಅದು ಅಲ್ಲಿ ಬರಬೇಕಾದದ್ದೇ ಎಂಬಂತೆ ಕೇಳುತ್ತಾರೆ.

ವಸ್ತ್ರಾಪಹರಣದ ದೃಶ್ಯವನ್ನೇ ತೆಗೆದುಕೊಳ್ಳಿ. ದುಶ್ಶಾಸನ ಸೆರಗಿಗೆ ಕೈ ಹಾಕಿದ್ದಾನೆ. ಇಲ್ಲಿ ದ್ರೌಪದಿಯ ಪದ್ಯ. ಮೊದಲ ಸಾಲು ಕೆಳಗಿನ ಸ್ಥಾಯಿಯಲ್ಲಿ, ಬರಿಯ ಮಾತಿನಂತೆ. ಹಾರ್ಮೋನಿಯಂ ಅದನ್ನು ಎತ್ತಿಕೊಳ್ಳುತ್ತದೆ. ಎರಡನೆಯ ಸಾಲು ಮಧ್ಯಮ ಪಂಚಮಗಳಲ್ಲಿ ಸುಳಿದು, ಮೂರನೆಯದು ಮೇಲಿನ ಷಡ್ಜಕ್ಕೆ ಹೋಗಿ ನಿಲ್ಲುತ್ತದೆ. ಅಲ್ಲಿಂದ ಅಕ್ಷರವಿಲ್ಲ, ಬರೀ ರಾಗದ ಎಳೆತ. ದುಶ್ಶಾಸನ ಸೆರಗು ಹಿಡಿದುಕೊಂಡೇ ನಿಂತಿದ್ದಾನೆ. ಸಭೆಯಲ್ಲಿ ಪಾಂಡವರು ತಲೆ ತಗ್ಗಿಸಿ ಕೂತಿದ್ದಾರೆ. ಲೋಕದ ಹೊತ್ತೆಲ್ಲ ನಿಂತಿದೆ, ಒಂದು ದನಿ ಮಾತ್ರ ನಡೆಯುತ್ತಿದೆ. ಎಳೆಯುವವನು ಇಷ್ಟು ಹೊತ್ತು ಯಾಕೆ ಕಾದ ಎಂದು ಚಾಪೆಯ ಮೇಲೆ ಕೂತ ಯಾವ ಮುದುಕನೂ ಕೇಳುವುದಿಲ್ಲ. ಅನ್ಯಾಯ ನಡೆಯುವ ಗಳಿಗೆ ಅನುಭವಿಸುವವಳಿಗೆ ಎಷ್ಟು ಉದ್ದವಾಗಿರುತ್ತದೋ ಅಷ್ಟೇ ಉದ್ದದ ಹಾಡು ಅದು. ಗಡಿಯಾರದ ಲೆಕ್ಕ ಅಲ್ಲಿ ಸುಳ್ಳು, ಪದ್ಯದ ಲೆಕ್ಕವೇ ನಿಜ.

ಆಮೇಲೆ ಹಿಂದಿನಿಂದ ಕೂಗು: "ಒನ್ಸ್ ಮೋರ್!" ಇದು ಭಾವಕ್ಕೆ ಭಂಗ ಎಂದು ಓದಿದವರು ಬೇಸರಪಡುವುದುಂಟು. ನಾನು ಅವರ ಪಕ್ಷದವನಲ್ಲ. ಅತ್ತು ಮುಗಿಸಿದವಳು ಜನ ಕೇಳಿದರೆಂದು ಮತ್ತೆ ಮೊದಲಿನಿಂದ ಅಳಬೇಕು. ಎರಡನೆಯ ಸಲ ಅದು ಸೋಗಾಗಬೇಕಿತ್ತಲ್ಲವೇ? ಆಗುವುದಿಲ್ಲ. ಎಷ್ಟೋ ಸಲ ಎರಡನೆಯದೇ ಎದೆಯನ್ನು ಹೆಚ್ಚು ತಾಕುತ್ತದೆ. ಮುಂದೇನು ಬರುತ್ತದೆಂದು ಈಗ ಅವಳಿಗೂ ಗೊತ್ತು, ನಮಗೂ ಗೊತ್ತು. ಗೊತ್ತಿದ್ದೇ ಇಬ್ಬರೂ ಕೂಡಿ ಆ ಮೇಲಿನ ಷಡ್ಜದ ಕಡೆಗೆ ನಡೆಯುತ್ತೇವೆ. ಕೇಳಿದಾಗಲೆಲ್ಲ ಹೊಸದಾಗಿ ಉಕ್ಕುವ ದುಃಖವನ್ನು ಸುಳ್ಳೆನ್ನುವುದು ಹೇಗೆ? ಬೆಳಗಿನ ಬಸ್ಸಿಗೆ ಅವಳು ಸಂಭಾವನೆ ಎಣಿಸಿಕೊಂಡು ಇನ್ನೊಂದು ಊರಿಗೆ ಹೋಗುತ್ತಾಳೆ, ಅಲ್ಲಿ ಮತ್ತೆ ಅದೇ ಸೆರಗು, ಅದೇ ಸಭೆ. ದುಡ್ಡಿಗಾಗಿ ಹಾಡಿದ್ದು, ನಿಜವಾಗಿ ಅತ್ತದ್ದು, ಎರಡೂ ಸತ್ಯ.

ಹಾಡು ನಟನೆಗಳ ಈ ಗಂಟನ್ನು ಸಿನಿಮಾ ಬಿಚ್ಚಿಬಿಟ್ಟಿತು. ಹಿನ್ನೆಲೆ ಗಾಯನ ಬಂದಮೇಲೆ ಮುಖ ಒಬ್ಬರದು, ಕೊರಳು ಇನ್ನೊಬ್ಬರದು. ಅದರಿಂದ ದೊಡ್ಡ ದೊಡ್ಡ ಗಾಯಕಿಯರು ನಮಗೆ ಸಿಕ್ಕರು, ಆ ಋಣವನ್ನು ಮರೆಯಲಾರೆ. ಆದರೂ ಒಂದೇ ಮೈಯಲ್ಲಿ ಎರಡನ್ನೂ ಹೊತ್ತವರು ಕಂಡರೆ ಮನಸ್ಸು ಅತ್ತ ಓಡುತ್ತದೆ. ವೀರಣ್ಣನವರ ಮೊಮ್ಮಗಳು, ಮಾಲತಮ್ಮನವರ ಮಗಳು ಬಿ. ಜಯಶ್ರೀಯವರು ಹಾಗೆ. 1950ರಲ್ಲಿ ಹುಟ್ಟಿ ಕಂಪನಿಯ ಪರದೆಗಳ ನಡುವೆ ಬೆಳೆದವರು, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಅಲ್ಕಾಜಿಯವರ ಕೈಯಲ್ಲಿ ಕಲಿತವರು, 'ಸ್ಪಂದನ' ತಂಡ ಕಟ್ಟಿ 'ಲಕ್ಷಾಪತಿ ರಾಜನ ಕಥೆ', 'ಕರಿಮಾಯಿ' ಆಡಿಸಿದವರು. ತೆರೆಯ ಮೇಲೆ ಬೇರೆ ನಟಿಯರ ಬಾಯಿಗೆ ತಮ್ಮ ಮಾತು ಕೊಟ್ಟಿದ್ದಾರೆ. 'ನಾಗಮಂಡಲ'ದಲ್ಲಿ ಕುರುಡವ್ವನಾಗಿ ಕಾಣಿಸಿದ್ದಾರೆ. 2001ರ 'ನನ್ನ ಪ್ರೀತಿಯ ಹುಡುಗಿ'ಯಲ್ಲಿ ಅವರು ಹಾಡಿದ ಕಾರಿನ ಹಾಡನ್ನು ಆಗಿನ ಮಕ್ಕಳೆಲ್ಲ ಗುನುಗಿದರು, ಅದು ಗುಬ್ಬಿ ಕಂಪನಿಯ ಕೊರಳೆಂದು ತಿಳಿಯದೆಯೇ. 2010ರಲ್ಲಿ ಅವರನ್ನು ರಾಜ್ಯಸಭೆಗೆ ನಾಮನಿರ್ದೇಶನ ಮಾಡಿದರು, 2013ರಲ್ಲಿ ಪದ್ಮಶ್ರೀ ಬಂತು. ಜಯಮ್ಮನವರ ಮೊದಲ ಚಿತ್ರದಲ್ಲಿ ಮುಖವಿತ್ತು, ದನಿ ಇರಲಿಲ್ಲ. ಜಯಶ್ರೀಯವರ ಎಷ್ಟೋ ಚಿತ್ರಗಳಲ್ಲಿ ದನಿಯಿದೆ, ಮುಖವಿಲ್ಲ. ಒಂದೇ ಕಂಪನಿ, ಒಂದೇ ಮನೆತನ. ನಡುವೆ ಸರಿದುಹೋದದ್ದು ಎಪ್ಪತ್ತು ವರ್ಷಗಳ ಯಂತ್ರಗಳ ಕತೆ.

ಜಯಮ್ಮನವರ ಮುಖ, ದನಿ ಎರಡೂ ತುಂಬಿ ಬಂದ ಚಿತ್ರವೆಂದರೆ 'ಹೇಮರೆಡ್ಡಿ ಮಲ್ಲಮ್ಮ'. ಮಲ್ಲಮ್ಮ ಶ್ರೀಶೈಲದ ಮಲ್ಲಿಕಾರ್ಜುನನ ಒಕ್ಕಲು. ಅತ್ತೆ ನೆಗೆಣ್ಣಿಯರ ಕಾಟ ಉಂಡು, ಬಡವರಿಗೆ ಅನ್ನ ಇಕ್ಕಿದವಳು. ರೆಡ್ಡಿಗಳ ಮನೆಗಳಲ್ಲಿ ಇವತ್ತಿಗೂ ಮನೆದೇವರ ಸಮಕ್ಕೆ ಅವಳ ಪಟವಿದೆ. ನಮ್ಮ ಜನ ಹೇಳಿಕೊಂಡು ಬಂದ ಕತೆಯಲ್ಲಿ ಅವಳ ಮೈದುನ ಯಾರು? ವೇಮನ. ಭೋಗದಲ್ಲಿ ಮುಳುಗಿದ್ದವನನ್ನು ಬೈಯದೆ, ಬಡಿಯದೆ, ಬೆಳಕಿನ ಕಡೆಗೆ ತಿರುಗಿಸಿದವಳು ಈ ಅತ್ತಿಗೆ. ಆ ವೇಮನ ತೆಲುಗಿನ ಮಹಾಕವಿ. ಅವನ ಸಮಾಧಿ ಕದಿರಿಯ ಹತ್ತಿರದ ಕಟಾರುಪಲ್ಲಿಯಲ್ಲಿ, ಮಡಕಶಿರವಿರುವ ಜಿಲ್ಲೆಯಲ್ಲೇ ಇದೆ. ಚರಿತ್ರೆಕಾರರು ಈ ನೆಂಟಸ್ತನವನ್ನು ಒಪ್ಪಲಿ ಬಿಡಲಿ, ಜನ ಅದನ್ನು ಬೇಕೆಂದು ಬೆಸೆದಿದ್ದಾರೆ: ಕನ್ನಡದ ಅತ್ತಿಗೆ, ತೆಲುಗಿನ ಮೈದುನ, ಒಂದೇ ಒಲೆ.

ಅದಕ್ಕೇ ನನಗೊಂದು ಆಸೆ. ಮಡಕಶಿರದಲ್ಲೋ ರಾಯದುರ್ಗದ ಕೋಟೆಯ ಕೆಳಗೋ ಯಾರಾದರೂ 'ಹೇಮರೆಡ್ಡಿ ಮಲ್ಲಮ್ಮ' ಕಟ್ಟಬೇಕು. ಮಲ್ಲಮ್ಮ ಪೂರ್ತಿ ಕನ್ನಡದಲ್ಲಿ ಹಾಡಲಿ, ವೇಮನ ತನ್ನ ಆಟವೆಲದಿ ಛಂದಸ್ಸಿನಲ್ಲಿ, ತೆಲುಗಿನಲ್ಲೇ ಮಾರುತ್ತರ ಕೊಡಲಿ. ಯಾರೂ ಯಾರಿಗೂ ಅರ್ಥ ಬಿಡಿಸಿ ಹೇಳುವುದು ಬೇಡ. ಆ ಊರುಗಳಲ್ಲಿ ಅದರ ಅಗತ್ಯವೂ ಇಲ್ಲ. ಮಲ್ಲಮ್ಮನ ಪಾತ್ರಕ್ಕೆ ಪಟ್ಟಣದಿಂದ ಒಬ್ಬ ಕಲಾವಿದೆ ಬರುತ್ತಾಳೆ. ಮೇಷ್ಟ್ರಿಗೆ ಶ್ರುತಿ ಬದಲಿಸುವುದು ಗೊತ್ತೇ ಇದೆ. ಹೊಸದಾಗಿ ಬೇಕಾಗುವುದು ಒಂದು ಕೈಬರಹದ ಪ್ರತಿ ಮಾತ್ರ, ಎಡಪುಟದಲ್ಲಿ ಒಂದು ಲಿಪಿ, ಬಲಪುಟದಲ್ಲಿ ಇನ್ನೊಂದು. ಅದನ್ನು ಬರೆಯಬಲ್ಲ ಎರಡು ಭಾಷೆಯ ಮೇಷ್ಟ್ರುಗಳು ಅಮರಾಪುರ, ರೊಳ್ಳದ ಶಾಲೆಗಳಲ್ಲಿ ಇದ್ದೇ ಇದ್ದಾರೆ.