ಕಡಲೆಯ ಕೀಡೆ, ಕಣಜ ಮತ್ತು ಅಹಿಂಸಾಣುವ್ರತ

ರಾಸಾಯನಿಕ ವಿಷವನ್ನು ಬಿಟ್ಟು ಜೈವಿಕ ಕೀಟನಾಶಕವನ್ನು ಸಿಂಪಡಿಸಿದರೆ ಹಿಂಸಾದೋಷವು ತಟ್ಟುವುದಿಲ್ಲವೆಂಬ ನಂಬಿಕೆ ಬೇಸಾಯಗಾರ ಶ್ರಾವಕರಲ್ಲಿ ಕೆಲವರಿಗುಂಟು. ಹೆಸರೇ ಈ ಭ್ರಮೆಗೆ ಕಾರಣ. ಆ ಔಷಧವು ಜೀವಿಯಿಂದ ಹುಟ್ಟಿದುದು ನಿಜ. ಜೀವವನ್ನು ಉಳಿಸುವಂಥದಂತೂ ಅಲ್ಲ.

ಇವುಗಳಲ್ಲಿ ಪ್ರಸಿದ್ಧವಾದುದು ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ಸೂಕ್ಷ್ಮಾಣು. 1901ರಲ್ಲಿ ಜಪಾನಿನ ಇಶಿವಾತಾ ಅವರು ಇದನ್ನು ಮೊದಲು ಗುರುತಿಸಿದ್ದು ರೋಗದಿಂದ ಸಾಯುತ್ತಿದ್ದ ರೇಷ್ಮೆಹುಳುಗಳಲ್ಲಿ. ಕಡಲೆಯ ಕಾಯಿಕೊರಕ ಕೀಡೆಯು ಇದನ್ನು ಎಲೆಯೊಡನೆ ತಿಂದರೆ ಅದರ ಕರುಳಿನ ಕ್ಷಾರರಸದಲ್ಲಿ ವಿಷದ ಹರಳು ಕರಗಿ ಕರುಳಿನ ಗೋಡೆಯನ್ನು ಒಡೆಯುತ್ತದೆ. ಕೆಲವು ತಾಸುಗಳಲ್ಲಿಯೇ ಕೀಡೆಯು ಮೇಯುವುದನ್ನು ನಿಲ್ಲಿಸುತ್ತದೆ. ಸಾಯುವುದಕ್ಕೆ ಮಾತ್ರ ಎರಡು ಮೂರು ದಿನಗಳು ಹಿಡಿಯಬಹುದು.

ಅದೇ ಹೊಲದಲ್ಲಿ ಕ್ಯಾಂಪೊಲೆಟಿಸ್ ಎಂಬ ಸಣ್ಣ ಕಣಜವೂ ಉಂಟು. ಅದು ಎಳೆಯ ಕೀಡೆಯ ಒಡಲಿನಲ್ಲಿ ಮೊಟ್ಟೆಯಿಡುತ್ತದೆ. ಮರಿಯು ಒಳಗಿನಿಂದಲೇ ಕೀಡೆಯನ್ನು ತಿಂದು ಬೆಳೆದು, ಹೊರಬಂದು ಗೂಡು ಕಟ್ಟಿಕೊಳ್ಳುತ್ತದೆ. ಬೇಸಾಯಶಾಸ್ತ್ರವು ಇದನ್ನು ಮಿತ್ರಕೀಟವೆಂದೂ ಕಾಯಿಕೊರಕವನ್ನು ಶತ್ರುವೆಂದೂ ಕರೆಯುತ್ತದೆ. ಈ ಹೆಸರುಗಳನ್ನು ಇಟ್ಟದ್ದು ಮನುಷ್ಯನ ಹೊಟ್ಟೆ! ಆಗಮದ ದೃಷ್ಟಿಯಲ್ಲಿ ಪತಂಗವೂ ಕಣಜವೂ ನಾಲ್ಕು ಇಂದ್ರಿಯಗಳುಳ್ಳ ತ್ರಸಜೀವಗಳೇ.

ಆದ್ದರಿಂದ ಸಂಶೋಧಕರು ಔಷಧವನ್ನು ಕೀಡೆಯ ಮೇಲೆ ಮಾತ್ರವಲ್ಲದೆ ಕಣಜದ ಮೇಲೂ ಪರೀಕ್ಷಿಸುತ್ತಾರೆ. ಸಿಂಪಡಿಸಿದ ಗುಂಪನ್ನು ಸಿಂಪಡಿಸದ ಗುಂಪಿನೊಡನೆ ಹೋಲಿಸಿ ಸತ್ತವುಗಳನ್ನು ಎಣಿಸುತ್ತಾರೆ. ಈ ಸೂಕ್ಷ್ಮಾಣುವಿನಿಂದ ಬೆಳೆದ ಕಣಜಕ್ಕೆ ನೇರವಾದ ಕೇಡು ಕಡಿಮೆ. ಆದರೆ ಒಡಲೊಳಗಿನ ಮರಿ ಬಲಿಯುವ ಮೊದಲೇ ಕೀಡೆ ಸತ್ತರೆ ಮರಿಯೂ ಅದರೊಡನೆ ಸಾಯುತ್ತದೆ. ಬೆಳೆದ ಕಣಜವನ್ನಷ್ಟೇ ನೋಡಿದವನಿಗೆ ಈ ಸಾವು ಕಾಣದು.

ಜೈನ ಮನೆತನದ ವಿದ್ಯಾರ್ಥಿಯೊಬ್ಬನು ಇಂಥ ಪ್ರಯೋಗಕ್ಕೆ ತೊಡಗಿದನೆಂದು ಭಾವಿಸೋಣ. ಹೊಲದಲ್ಲಿ ಸಿಂಪಡಿಸುವ ತಂದೆಯದು ಉದ್ಯೋಗಿ ಹಿಂಸೆಯೆಂದು ಹೇಳುವುದುಂಟು. ಆದಿತೀರ್ಥಂಕರರು ಬೋಧಿಸಿದ ಷಟ್ಕರ್ಮಗಳಲ್ಲಿ ಕೃಷಿಯೂ ಒಂದಷ್ಟೆ. ಮಗನು ಗಾಜಿನ ಪಾತ್ರೆಯಲ್ಲಿ ಸಾಕಿದ ಜೀವಗಳನ್ನು ಕೊಲ್ಲುವುದು ಸಂಕಲ್ಪಿ ಹಿಂಸೆಗೆ ಬಹು ಸಮೀಪವಾದುದು. ನೂರು ಸತ್ತರೆ ಹೊಲದಲ್ಲಿ ಲಕ್ಷ ಉಳಿಯುತ್ತವೆಂಬುದು ಅವನ ಸಮಾಧಾನ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಈ ಲೆಕ್ಕವನ್ನೇ ನಿರಾಕರಿಸಿದ್ದಾರೆ: ಒಂದನ್ನು ಕೊಂದರೆ ಹಲವು ಉಳಿಯುತ್ತವೆಂದು ಹಿಂಸ್ರ ಪ್ರಾಣಿಯನ್ನು ಸಹ ಕೊಲ್ಲಲಾಗದೆಂಬುದು ಅವರ ಅಭಿಪ್ರಾಯ. ಹಾಗೆಂದು ಮಗನು ಕೈತೊಳೆದುಕೊಂಡರೆ ತಂದೆಯು ಪರೀಕ್ಷಿಸದ ವಿಷವನ್ನೇ ಚೆಲ್ಲುವನು. ಅದು ಪ್ರಮಾದ, ಪ್ರಮಾದವೇ ಹಿಂಸೆಯ ಮೂಲ. ಪರೀಕ್ಷೆಯು ದೋಷವನ್ನು ಅಳಿಸದು. ಎಲ್ಲಿ, ಎಷ್ಟು ಕೊಲ್ಲುತ್ತಿದ್ದೇವೆಂಬುದನ್ನು ತೋರಿಸುತ್ತದೆ. ಅಷ್ಟರಮಟ್ಟಿಗೆ ಅದು ಯತ್ನಾಚಾರಕ್ಕೆ ನೆರವು. ಅವನು ಪ್ರಯೋಗವನ್ನು ಮಾಡಲಿ, ಬೇಕಾದಷ್ಟೇ ಜೀವಗಳಿಂದ ಮಾಡಲಿ, ಅದನ್ನು ಪುಣ್ಯವೆಂದು ಮಾತ್ರ ಎಣಿಸದಿರಲಿ.

ಇನ್ನು ಪ್ರೋಷಧೋಪವಾಸದ ಮಾತು. ಚತುರ್ದಶಿಯಂದು ಆರಂಭವನ್ನು ತ್ಯಜಿಸಬೇಕಾದುದರಿಂದ ಅವನು ಸಿಂಪಡಿಸುವ ಕೆಲಸವನ್ನು ದ್ವಾದಶಿಗೇ ಮುಗಿಸಿಕೊಳ್ಳುತ್ತಾನೆ; ಚತುರ್ದಶಿಯ ಎಣಿಕೆಯನ್ನು ಜೊತೆಗಾರನಿಗೆ ಒಪ್ಪಿಸುತ್ತಾನೆ. ಕೈ ಶುದ್ಧವಾಯಿತು. ಆದರೆ ದ್ವಾದಶಿಯಂದು ಮೇದ ಕೀಡೆಗಳು ಸಾಯುವುದು ಬಹುಮಟ್ಟಿಗೆ ಚತುರ್ದಶಿಯಂದೇ. ಅವನು ಬಸದಿಯಲ್ಲಿ ಸಾಮಾಯಿಕಕ್ಕೆ ಕುಳಿತಿರುವಾಗ, ಅವನಂತೆಯೇ ಆಹಾರವನ್ನು ಬಿಟ್ಟ ಆ ಕೀಡೆಗಳು ಪಾತ್ರೆಯ ತಳದಲ್ಲಿ ಮಲಗಿರುತ್ತವೆ.